ಛೇದ ಎಲ್ಲಿದೆ? ಮಧುಮೇಹದ ಅಂಕಿಗಳನ್ನು ಓದಿಸುವ ಎರಡು ಅವಧಿಯ ಪಾಠ

ತರಗತಿ: 9
ವಿಷಯ: ಗಣಿತ (ಸಂಖ್ಯಾಶಾಸ್ತ್ರ), ವಿಜ್ಞಾನದೊಂದಿಗೆ ಸಮನ್ವಯ
ಅವಧಿ: ತಲಾ 40 ನಿಮಿಷದ ಎರಡು ಅವಧಿಗಳು
ಬೋಧನಾಭ್ಯಾಸದ ಕ್ಷೇತ್ರ: ರಬಕವಿ-ಬನಹಟ್ಟಿ ಹಾಗೂ ಸುತ್ತಲಿನ ಪ್ರೌಢಶಾಲೆಗಳು

ಪೀಠಿಕೆ

ಸಂಖ್ಯಾಶಾಸ್ತ್ರದ ಘಟಕಕ್ಕೆ ಉದಾಹರಣೆ ಬೇಕಾದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೂರು ಕಡೆ ಹೋಗುತ್ತಾರೆ: ಕ್ರಿಕೆಟ್ಟಿನ ರನ್ನು, ಕಿರುಪರೀಕ್ಷೆಯ ಅಂಕ, ಮಳೆಯ ಮಿಲಿಮೀಟರು. ಮೂರೂ ಬಳಕೆಗೆ ಬರುವಂಥವೇ. ಆದರೆ ಇವುಗಳನ್ನು ತಪ್ಪಾಗಿ ಓದಿದರೂ ಯಾರಿಗೂ ನಷ್ಟವಿಲ್ಲ. ಆದ್ದರಿಂದ ಸರಿಯಾಗಿ ಓದಲೇಬೇಕೆಂಬ ಒತ್ತಾಯವೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಹುಟ್ಟುವುದಿಲ್ಲ. ಮಧುಮೇಹದ ಅಂಕಿಗಳು ಹಾಗಲ್ಲ. ಯಾವ ಊರಿಗೆ ಎಷ್ಟು ಮಾತ್ರೆ ಹೋಗಬೇಕು, ಯಾವ ಓಣಿಗೆ ಆಶಾ ಕಾರ್ಯಕರ್ತೆ ಮತ್ತೊಮ್ಮೆ ಹೋಗಬೇಕು, ಯಾರ ಕಣ್ಣು ಮತ್ತು ಪಾದಗಳ ತಪಾಸಣೆ ಮೊದಲು ಆಗಬೇಕು ಎಂಬುದೆಲ್ಲ ಆ ಅಂಕಿಗಳ ಮೇಲೆ ನಿಂತಿದೆ. ಎಣಿಕೆಗೆ ಸಿಗದವನಿಗೆ ಔಷಧಿಯೂ ಸಿಗುವುದಿಲ್ಲ.

ನಮ್ಮ ಭಾಗದ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಮನೆಯಿಂದ ಒಂದು ವಾಕ್ಯ ಹೊತ್ತು ತಂದಿರುತ್ತಾರೆ: ‘ಮೊದಲ ಯಾರಿಗೂ ಇರಲಿಲ್ಲ, ಈಗ ಮನಿಗೊಬ್ಬರಿಗೆ ಶುಗರ್ ಐತಿ.’ ಪಾಠ ಹುಟ್ಟುವುದು ಈ ವಾಕ್ಯದಿಂದಲೇ. ಇದು ನಿಜವೇ? ನಿಜವಾದರೆ ಎಷ್ಟು ನಿಜ? ‘ಮೊದಲ’ ಎಂದರೆ ಯಾವಾಗ, ‘ಯಾರಿಗೂ’ ಎಂದರೆ ಯಾರು ಯಾರು, ಪರೀಕ್ಷೆ ಮಾಡಿಸಿಕೊಂಡವರು ಆಗ ಎಷ್ಟು ಮಂದಿ, ಈಗ ಎಷ್ಟು ಮಂದಿ? ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವಾದರೆ ಪಾಠದ ಉದ್ದೇಶ ಈಡೇರಿದಂತೆ. ಮಧುಮೇಹ ತಡೆಯುವುದು ಹೇಗೆ ಎಂಬ ಉಪದೇಶ ಇಲ್ಲಿಲ್ಲ. ಅದಕ್ಕೆ ಬೇರೆ ಪಾಠವಿದೆ.

ಶಿಕ್ಷಕರ ಸಿದ್ಧತೆ

ರೋಗದ ಬಗ್ಗೆ ಶಿಕ್ಷಕನಿಗೆ ಇಷ್ಟು ಸ್ಪಷ್ಟವಿರಲಿ. ಬರಿಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಗ್ಲುಕೋಸ್ ಪ್ರತಿ ಡೆಸಿಲೀಟರಿಗೆ 126 ಮಿ.ಗ್ರಾಂ ಅಥವಾ ಹೆಚ್ಚು, ಇಲ್ಲವೇ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು ಇದ್ದರೆ ವೈದ್ಯರು ಮಧುಮೇಹವೆಂದು ಪರಿಗಣಿಸುತ್ತಾರೆ. ಮನೆಮನೆಯ ತಪಾಸಣೆಯಲ್ಲಿ ಬೆರಳು ಚುಚ್ಚಿ ನೋಡುವುದು ಯಾವುದೋ ಒಂದು ಹೊತ್ತಿನ ಗ್ಲುಕೋಸನ್ನು. ಅದು 140 ದಾಟಿದರೆ ‘ಮುಂದಿನ ಪರೀಕ್ಷೆ ಬೇಕು’ ಎಂದರ್ಥ. ರೋಗ ಇದೆ ಎಂಬ ತೀರ್ಪಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಪಾಠಕ್ಕೆ ಇಳಿಯಬಾರದು. ಶೋಧಿಸುವ ಪರೀಕ್ಷೆಯ ಸಂಖ್ಯೆಗೂ ನಿರ್ಣಯಿಸುವ ಪರೀಕ್ಷೆಯ ಸಂಖ್ಯೆಗೂ ತಕ್ಕಡಿಯೇ ಬೇರೆ.

ಕಬ್ಬಿನ ಸೀಮೆಯಲ್ಲಿ ಇನ್ನೊಂದು ಮಾತು ಖಂಡಿತ ಎದುರಾಗುತ್ತದೆ: ‘ಸಕ್ರಿ ತಿಂದ್ರ ಸಕ್ರಿ ಬ್ಯಾನಿ ಬರ್ತೈತಿ, ಬೆಲ್ಲ ತಿಂದ್ರ ಏನೂ ಆಗಂಗಿಲ್ಲ.’ ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲೇ ಇರುವಾಗ ಈ ಮಾತಿಗೆ ಬಲ ಜಾಸ್ತಿ. ಬೆಲ್ಲದಲ್ಲಿ ಇರುವುದೂ ಬಹುಪಾಲು ಸುಕ್ರೋಸೇ. ರಕ್ತದ ಗ್ಲುಕೋಸನ್ನು ಅದೂ ಏರಿಸುತ್ತದೆ. ಹಾಗೆಂದು ಮಧುಮೇಹ ಬರುವುದು ಸಕ್ಕರೆಯೊಂದರಿಂದಲೇ ಎಂಬುದೂ ಸರಿಯಲ್ಲ. ವಯಸ್ಸು, ಮನೆತನ, ನಡುವಿನ ಸುತ್ತಳತೆ, ಮೈಗೆ ದುಡಿಮೆ ಇದೆಯೋ ಇಲ್ಲವೋ ಎಂಬುದು, ಎಲ್ಲವೂ ಸೇರಿ ಕೆಲಸ ಮಾಡುತ್ತವೆ. ಆಶಾ ಕಾರ್ಯಕರ್ತೆ 30 ವರ್ಷ ಮೇಲ್ಪಟ್ಟವರಿಗೆ ತುಂಬುವ ಅಪಾಯ-ಅಂದಾಜಿನ ನಮೂನೆಯಲ್ಲಿ ಕೇಳುವುದೂ ಇವನ್ನೇ, ಜೊತೆಗೆ ತಂಬಾಕು ಮತ್ತು ಮದ್ಯ. ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕಳುಹಿಸುತ್ತಾರೆ. ಆ ನಮೂನೆಯಲ್ಲಿ ಸಕ್ಕರೆ ಎಷ್ಟು ತಿನ್ನುತ್ತೀರಿ ಎಂಬ ಪ್ರಶ್ನೆಗೆ ಅಂಕವಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಅಂಕಿಗಳು. ತರಗತಿಗೆ ಒಯ್ಯಬಹುದಾದ ನಾಲ್ಕು ಮೂಲಗಳಿವೆ.

ಮೊದಲನೆಯದು ಐಸಿಎಂಆರ್-ಇಂಡಿಯಾಬ್ ಅಧ್ಯಯನ. 2008ರಿಂದ 2020ರವರೆಗೆ ಹಂತ ಹಂತವಾಗಿ 31 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ 1,13,043 ವಯಸ್ಕರನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಶದ ಒಟ್ಟು ಪ್ರಮಾಣ ಶೇ. 11.4, ನಗರದಲ್ಲಿ 16.4, ಹಳ್ಳಿಗಳಲ್ಲಿ 8.9. ಅತಿ ಹೆಚ್ಚು ಗೋವಾದಲ್ಲಿ, ಶೇ. 26.4, ಅತಿ ಕಡಿಮೆ ಉತ್ತರ ಪ್ರದೇಶದಲ್ಲಿ, ಶೇ. 4.8. ಇದೇ ಅಧ್ಯಯನ 2017ರಲ್ಲಿ ಕರ್ನಾಟಕವೂ ಸೇರಿ 15 ರಾಜ್ಯಗಳ ಫಲಿತಾಂಶ ಕೊಟ್ಟಿತ್ತು; ಆಗ ಒಟ್ಟು ಪ್ರಮಾಣ ಶೇ. 7.3.

ಇಲ್ಲಿ ನಿಲ್ಲಬೇಕು. ಅಧ್ಯಯನವೂ ಒಂದೇ, ವಿಧಾನವೂ ಒಂದೇ. ಹಾಗಾದರೆ ಆರು ವರ್ಷದಲ್ಲಿ 7.3ರಿಂದ 11.4ಕ್ಕೆ ಏರಿತೆಂದು ಹೇಳಬಹುದೇ? ಹೇಳಲಾಗದು. 2017ರ ಸಂಖ್ಯೆಯಲ್ಲಿ ಗೋವಾ ಇರಲಿಲ್ಲ, ಕೇರಳ ಇರಲಿಲ್ಲ. ಅಂಶ ಮಾತ್ರ ಬದಲಾಗಿದ್ದಲ್ಲ, ಛೇದದೊಳಗಿನ ಜನರೇ ಬದಲಾದರು. ಅಷ್ಟೇ ಅಲ್ಲ, 2023ರ ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಬಣ್ಣ ಹಚ್ಚಿದ ಎರಡು ರಾಜ್ಯಗಳ ಅಳತೆಯ ನಡುವೆ ಹತ್ತು ವರ್ಷದ ಅಂತರವೂ ಇರಬಹುದು. ತಮಿಳುನಾಡನ್ನು ಅಳೆದದ್ದು ಮೊದಲ ಹಂತದಲ್ಲೇ. ನಕ್ಷೆ ಒಂದೇ ದಿನದ ಫೋಟೋ ಅಲ್ಲ.

ಎರಡನೆಯದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇದರ ನಾಲ್ಕನೆಯ ಸುತ್ತಿನಲ್ಲಿ (2015-16) ದೇಶದ ಮಹಿಳೆಯರಲ್ಲಿ ಶೇ. 5.8, ಪುರುಷರಲ್ಲಿ ಶೇ. 8.0 ಮಂದಿಗೆ ಗ್ಲುಕೋಸ್ 140 ಮೀರಿತ್ತು. ಐದನೆಯ ಸುತ್ತಿನಲ್ಲಿ (2019-21) ಮಹಿಳೆಯರಲ್ಲಿ ಶೇ. 13.5, ಪುರುಷರಲ್ಲಿ ಶೇ. 15.6. ನಾಲ್ಕೈದು ವರ್ಷದಲ್ಲಿ ದುಪ್ಪಟ್ಟು! ಆದರೆ ಅಡಿಟಿಪ್ಪಣಿ ಓದಿದರೆ ಕಥೆ ಬೇರೆ. ಮೊದಲ ಸಂಖ್ಯೆ 15ರಿಂದ 49 ವರ್ಷದವರದು. ಎರಡನೆಯದು 15 ವರ್ಷ ಮೇಲ್ಪಟ್ಟ ಎಲ್ಲರದು, ಅಜ್ಜ-ಅಜ್ಜಿಯರೂ ಸೇರಿ. ಮೊದಲನೆಯದರಲ್ಲಿ ಗ್ಲುಕೋಸ್ ಹೆಚ್ಚಿದ್ದವರು ಮಾತ್ರ. ಎರಡನೆಯದರಲ್ಲಿ ಮಾತ್ರೆ ತೆಗೆದುಕೊಂಡು ಹತೋಟಿಯಲ್ಲಿ ಇಟ್ಟುಕೊಂಡವರೂ ಸೇರಿದ್ದಾರೆ. ಸಮೀಕ್ಷೆ ನಡೆಸಿದವರು ಈ ವಿಷಯದಲ್ಲಿ ಪ್ರಾಮಾಣಿಕರು. ಐದನೆಯ ಸುತ್ತಿನ ಕೋಷ್ಟಕದಲ್ಲಿ ಹಳೆಯ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಖಾಲಿ ಜಾಗವನ್ನು ತುಂಬಿ ‘ದುಪ್ಪಟ್ಟು’ ಎನ್ನುವುದು ಓದುಗರ ಕೆಲಸ. ಈ ಸಮೀಕ್ಷೆಯಿಂದ ಬಾಗಲಕೋಟೆ ಜಿಲ್ಲೆಗೆ ಪ್ರತ್ಯೇಕ ಕೋಷ್ಟಕ ಸಿಗುತ್ತದೆ, ತಾಲ್ಲೂಕಿಗೆ ಸಿಗುವುದಿಲ್ಲ. ಮಾದರಿಯ ಗಾತ್ರವನ್ನು ಜಿಲ್ಲೆಗೆ ಸಾಲುವಂತೆ ಲೆಕ್ಕ ಹಾಕಿರುತ್ತಾರೆ. ‘ಸರ್, ರಬಕವಿದು ಎಷ್ಟು?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಜಿಲ್ಲೆಯ ಸಂಖ್ಯೆಯನ್ನೇ ಊರಿನ ಸಂಖ್ಯೆಯೆಂದು ಕೊಟ್ಟುಬಿಡಬೇಡಿ.

ಮೂರನೆಯದು 2017-18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಮೇಲ್ವಿಚಾರಣಾ ಸಮೀಕ್ಷೆ. ಅದರ ಪ್ರಕಾರ 18ರಿಂದ 69 ವರ್ಷದವರಲ್ಲಿ ಶೇ. 9.3 ಮಂದಿಗೆ ಮಧುಮೇಹ. ಪಾಠಕ್ಕೆ ಬೇಕಾದದ್ದು ಅದರ ಮುಂದಿನ ಸಾಲು: ರೋಗವಿದ್ದವರಲ್ಲಿ ಅದು ಗೊತ್ತಿದ್ದದ್ದು ಶೇ. 45.8 ಮಂದಿಗೆ, ಚಿಕಿತ್ಸೆಯಲ್ಲಿದ್ದವರು ಶೇ. 36.1, ಹತೋಟಿಯಲ್ಲಿದ್ದವರು ಶೇ. 15.7. ಅರ್ಧಕ್ಕಿಂತ ಹೆಚ್ಚು ಮಂದಿಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯದು ಚೆನ್ನೈ ನಗರದ್ದು. ಅಲ್ಲಿ ಬೇರೆ ಬೇರೆ ವರ್ಷಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಂದೇ ವಯೋರಚನೆಗೆ ಹೊಂದಿಸಿ ಜೋಡಿಸಿದ್ದಾರೆ: 1989ರಲ್ಲಿ ಶೇ. 8.3, 1995ರಲ್ಲಿ 11.6, 2000ದಲ್ಲಿ 13.5, 2003-04ರಲ್ಲಿ 14.3. ಊರು ಒಂದೇ, ವಯಸ್ಸಿನ ವ್ಯತ್ಯಾಸ ತೆಗೆದುಹಾಕಿದೆ. ಇದನ್ನು ಏರಿಕೆ ಎನ್ನಲು ಅಡ್ಡಿಯಿಲ್ಲ. ‘ಎಲ್ಲ ಅಂಕಿಗಳೂ ಸುಳ್ಳು’ ಎಂಬ ಭಾವನೆ ಮಕ್ಕಳಲ್ಲಿ ಉಳಿಯಬಾರದು. ಅದಕ್ಕಾಗಿ ಈ ಉದಾಹರಣೆ ಪಾಠದಲ್ಲಿ ಇರಲೇಬೇಕು. ರೋಗ ಹೆಚ್ಚಿದ್ದು ನಿಜ. ಎಷ್ಟು ಹೆಚ್ಚಿತು ಎಂಬುದನ್ನು ಹೇಗೆ ಹೇಳುತ್ತೇವೆ ಎಂಬುದಷ್ಟೇ ನಮ್ಮ ವಿಷಯ.

ಮಾಡಬಾರದ ಚಟುವಟಿಕೆ

ಈ ವಿಷಯ ಸಿಕ್ಕ ಕೂಡಲೇ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಯಲ್ಲಿ ಕಾಣುವ ಚಟುವಟಿಕೆ ಒಂದೇ: ‘ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ, ಕೈ ಎತ್ತಿ’ ಅಥವಾ ‘ಓಣಿಯ ಹತ್ತು ಮನೆ ಸಮೀಕ್ಷೆ ಮಾಡಿ ತನ್ನಿ’. ಅಂಕಿಗಳನ್ನು ತಾವೇ ಸಂಗ್ರಹಿಸುವುದು ಒಳ್ಳೆಯ ಕಲಿಕೆ ಎಂದು ಮಾರ್ಗದರ್ಶಕರೂ ಇದಕ್ಕೆ ಸಹಿ ಹಾಕಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಹೊಡೆದು ಹಾಕಬೇಕು.

ಕಾರಣ ಸರಳ. ಒಬ್ಬರ ರೋಗದ ಸುದ್ದಿ ಅವರದು, ಮನೆಯ ಮಗುವಿನ ಮೂಲಕ ತರಗತಿಗೆ ಬರಬೇಕಾದದ್ದಲ್ಲ. ಹೆಣ್ಣು ನೋಡಲು ಬಂದವರು ‘ಮನೆತನದಾಗ ಶುಗರ್ ಐತೇನು’ ಎಂದು ಕೇಳುವ ಸಮಾಜದಲ್ಲಿ, ಹತ್ತು ಮನೆಯ ಪಟ್ಟಿ ಹಿಡಿದು ಓಡಾಡುವ ಒಂಬತ್ತನೆಯ ತರಗತಿಯ ಹುಡುಗನ ಕೈಯಲ್ಲಿ ಎಂಥ ಮಾಹಿತಿ ಇದೆ ಎಂದು ಯೋಚಿಸಿ. ತರಗತಿಯಲ್ಲೇ ಒಂದನೆಯ ಬಗೆಯ ಮಧುಮೇಹವಿದ್ದು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ಕುಳಿತಿರಲೂಬಹುದು. ಆ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿರುತ್ತದೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಯಾರ‍್ಯಾರು ಹೆಚ್ಚು ಸಿಹಿ ತಿಂತೀರಿ’ ಎಂದು ಕೇಳಿ ನಗಿಸುವ ಶಿಕ್ಷಕ ಆ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿದಂತೆ. ಮಕ್ಕಳ ಸೊಂಟದ ಅಳತೆ ತೆಗೆಯುವುದು, ತೂಕ ಕೂಗಿ ಹೇಳುವುದೂ ಬೇಡ.

ಬದಲಿಗೆ ಶಿಕ್ಷಕರೇ ಕಟ್ಟಿದ ಅಂಕಿಗಳನ್ನು ಬಳಸಿ. ಅವು ಪಾಠಕ್ಕಾಗಿ ಕಟ್ಟಿದವು ಎಂದು ಹಲಗೆಯ ಮೇಲೆ ಬರೆದೇ ಮುಂದುವರಿಯಿರಿ.

ಮೊದಲ ಅವಧಿ

ಹಲಗೆಯ ಮೇಲೆ ‘ಮನಿಗೊಬ್ಬರಿಗೆ ಶುಗರ್ ಐತಿ’ ಎಂದು ಅವರ ಮಾತಿನಲ್ಲೇ ಬರೆಯಿರಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಇದನ್ನು ಪರೀಕ್ಷಿಸಬೇಕಾದರೆ ಏನೇನು ಗೊತ್ತಿರಬೇಕು ಎಂದು ಕೇಳಿ. ಐದಾರು ಉತ್ತರ ಬಂದ ಮೇಲೆ ಪಾಠಕ್ಕಾಗಿ ಕಟ್ಟಿದ ಮೊದಲ ಉದಾಹರಣೆ ಕೊಡಿ.

ಒಂದು ಊರಿನ ಶಿಬಿರದಲ್ಲಿ ಮೊದಲ ವರ್ಷ 18 ಮಂದಿಗೆ ಗ್ಲುಕೋಸ್ ಹೆಚ್ಚಿತ್ತು. ಮರುವರ್ಷ 36 ಮಂದಿಗೆ. ಏನಾಯಿತು? ಇಡೀ ತರಗತಿ ‘ಡಬಲ್ ಆತ್ರಿ’ ಎನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು ಸಂಖ್ಯೆ ಬರೆಯಿರಿ: ಮೊದಲ ವರ್ಷ ಪರೀಕ್ಷೆ ಮಾಡಿಸಿಕೊಂಡವರು 120, ಮರುವರ್ಷ 300. ಶೇಕಡಾ ಲೆಕ್ಕ ಅವರೇ ಹಾಕಲಿ. 15 ಮತ್ತು 12. ಏರಿತು ಎಂದಿದ್ದು ಇಳಿಯಿತು.

ಬಹುತೇಕ ಪಾಠಗಳು ಇಲ್ಲಿಗೆ ಮುಗಿದು ‘ಶೇಕಡಾ ನೋಡಬೇಕು’ ಎಂದು ಟಿಪ್ಪಣಿ ಬರೆಸುತ್ತವೆ. ಇನ್ನೊಂದು ಹೆಜ್ಜೆ ಹೋಗಿ. ಮೊದಲ ವರ್ಷದ ಶಿಬಿರ ದವಾಖಾನೆ ಪಕ್ಕದಲ್ಲಿ ಹಗಲು ಹನ್ನೊಂದಕ್ಕೆ ನಡೆದಿತ್ತು, ಮರುವರ್ಷದ್ದು ಪಾವರ್‌ಲೂಮ್ ಶೆಡ್ಡುಗಳ ಸಾಲಿನಲ್ಲಿ ಸಂಜೆ ನಡೆಯಿತು ಎಂದು ಹೇಳಿ. ಎರಡು ಸಲ ಬಂದವರು ಒಂದೇ ಬಗೆಯ ಜನರೇ? ನೇಕಾರರ ಮಕ್ಕಳಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಹಗಲು ಹನ್ನೊಂದಕ್ಕೆ ಶಿಬಿರಕ್ಕೆ ಬರುವವರು ವಯಸ್ಸಾದವರು, ಈಗಾಗಲೇ ಆಯಾಸ-ಬಾಯಾರಿಕೆ ಎಂದು ಅನುಮಾನ ಬಂದವರು. ಹಾಗಾಗಿ 15 ಎಂಬುದು ಊರಿನ ಸಂಖ್ಯೆಯಲ್ಲ, 12 ಕೂಡ ಅಲ್ಲ. ಎರಡೂ ಬಂದವರ ಸಂಖ್ಯೆ. ಸಮೀಕ್ಷೆಯವರು ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಬಾಗಿಲು ಹಾಕಿದ್ದರೆ ಮತ್ತೆ ಹೋಗಿ ಕದ ತಟ್ಟುವುದು ಯಾಕೆಂದು ಈಗ ಮಕ್ಕಳಿಂದಲೇ ಬರಲಿ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯ ಹೆಸರಿನಲ್ಲೇ ಇರುವ ‘ಗೃಹ’ಕ್ಕೂ ಇದೇ ಅರ್ಥ. ಅಂಥ ತಪಾಸಣೆ ಒಂದು ಊರಿಗೆ ಬಂದ ವರ್ಷ ಅಲ್ಲಿ ‘ಗೊತ್ತಿರುವ’ ಮಧುಮೇಹಿಗಳ ಸಂಖ್ಯೆ ಜಿಗಿಯುತ್ತದೆ. ರೋಗ ಜಿಗಿದದ್ದಲ್ಲ, ಬೆಳಕು ಬಿದ್ದದ್ದು. ಇಲ್ಲಿ 2017-18ರ ಸಮೀಕ್ಷೆಯ 45.8 ಎಂಬ ಅಂಕಿಯನ್ನು ಕೊಡಿ. ನೂರು ಕಡಲೆಕಾಳು ಮೇಜಿನ ಮೇಲೆ ಹರಡಿ 46ನ್ನು ಬೇರೆ ಮಾಡಿ, ಅದರೊಳಗಿಂದ 36, ಮತ್ತೆ ಅದರೊಳಗಿಂದ 16. ಉಳಿದ 54ರ ಕಡೆ ಬೆರಳು ತೋರಿಸಿದರೆ ಸಾಕು, ವಿವರಣೆ ಬೇಡ.

ಅವಧಿಯ ಕೊನೆಯ ಹದಿನೈದು ನಿಮಿಷ ಹಿಪ್ಪರಗಿ ಬ್ಯಾರೇಜಿಗೆ ಮೀಸಲು. ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಪಠ್ಯಪುಸ್ತಕಗಳು ಸ್ನಾನದ ತೊಟ್ಟಿಯ ಚಿತ್ರ ಕೊಡುತ್ತವೆ, ನಮ್ಮ ಮಕ್ಕಳಿಗೆ ಕೃಷ್ಣೆಯೇ ಇದ್ದಾಳೆ. ಮಳೆಗಾಲದಲ್ಲಿ ಹಿಪ್ಪರಗಿ ಮತ್ತು ಆಲಮಟ್ಟಿಯ ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು ಎಂಬುದು ಮನೆಮನೆಯ ಮಾತು. 2019ರ ಆಗಸ್ಟಿನ ಪ್ರವಾಹ ಕಂಡ ಕುಟುಂಬಗಳಲ್ಲಿ ಈ ಲೆಕ್ಕ ತಿಳಿಯದ ಮಗುವಿಲ್ಲ.

ನದಿಯ ಅಡ್ಡಗೋಡೆ, ಹಿಂದೆ ನಿಂತ ನೀರು, ಒಂದು ಬಾಣ ಒಳಗೆ, ಒಂದು ಹೊರಗೆ. ಇಷ್ಟು ಚಿತ್ರ ಸಾಕು. ನಿಂತ ನೀರಿನ ಮಟ್ಟ ಎಂದರೆ ಈ ಹೊತ್ತಿನಲ್ಲಿ ಊರಲ್ಲಿ ಇರುವ ಒಟ್ಟು ಮಧುಮೇಹಿಗಳು. ಒಳಹರಿವು ಎಂದರೆ ಈ ವರ್ಷ ಹೊಸದಾಗಿ ರೋಗ ಬಂದವರು. ಹೊರಹರಿವು ಎಂದರೆ ಬಹುಮಟ್ಟಿಗೆ ತೀರಿಕೊಂಡವರು; ಈ ರೋಗ ಬಂದ ಮೇಲೆ ಸಾಮಾನ್ಯವಾಗಿ ಜೊತೆಗೇ ಇರುತ್ತದೆ. ಈಗ ಪ್ರಶ್ನೆ: ಒಳಹರಿವು ಅಷ್ಟೇ ಇದ್ದು ಗೇಟು ಸ್ವಲ್ಪ ಇಳಿಸಿದರೆ ನೀರಿನ ಮಟ್ಟ ಏನಾಗುತ್ತದೆ? ಏರುತ್ತದೆ. ಗೇಟು ಇಳಿಸುವುದು ಎಂದರೆ ಇಲ್ಲಿ ಏನು? ಒಳ್ಳೆಯ ಔಷಧಿ, ನಿಯಮಿತ ತಪಾಸಣೆ, ಮೂತ್ರಪಿಂಡ-ಹೃದಯದ ತೊಂದರೆಗೆ ಸಕಾಲದ ಚಿಕಿತ್ಸೆ. ಜನ ಹೆಚ್ಚು ದಿನ ಬದುಕಿದರು, ಆದ್ದರಿಂದ ಮಧುಮೇಹಿಗಳ ಸಂಖ್ಯೆ ಏರಿತು. ಏರಿದ ಸಂಖ್ಯೆಯೇ ಒಳ್ಳೆಯ ಸುದ್ದಿಯಾಗಿರಬಹುದು ಎಂಬುದು ಮಕ್ಕಳಿಗೆ ಅನಿರೀಕ್ಷಿತ. ಕೆಲವರು ಒಪ್ಪುವುದಿಲ್ಲ, ಒಪ್ಪಿಸುವ ಅವಸರ ಬೇಡ, ಚಿತ್ರವನ್ನು ಅಳಿಸದೆ ಬಿಡಿ.

ಎರಡನೆಯ ಅವಧಿ

ಚೆನ್ನೈನ ನಾಲ್ಕು ಜೋಡಿ ಸಂಖ್ಯೆಗಳನ್ನು ಕೊಟ್ಟು ರೇಖಾನಕ್ಷೆ ಎಳೆಯಲು ಹೇಳಿ. ಕೊನೆಯದನ್ನು 2004 ಎಂದು ಇಟ್ಟುಕೊಳ್ಳಲಿ. ಸಹಾಯ ಮಾಡದೆ ಹತ್ತು ನಿಮಿಷ ಸುತ್ತಾಡಿ ನೋಡಿ. ಎಕ್ಸ್ ಅಕ್ಷದಲ್ಲಿ 1989, 1995, 2000, 2004 ಇವುಗಳನ್ನು ಸಮಾನ ಅಂತರದಲ್ಲಿ ಇಟ್ಟವರು ಬಹಳ ಮಂದಿ ಇರುತ್ತಾರೆ. ನಡುವಿನ ವರ್ಷಗಳು ಕ್ರಮವಾಗಿ 6, 5, 4. ಇಬ್ಬರ ನಕ್ಷೆಗಳನ್ನು ಪಕ್ಕಪಕ್ಕ ಹಿಡಿಯಿರಿ, ಒಂದು ಸಮಾನ ಅಂತರದ್ದು, ಒಂದು ಸರಿಯಾದ ಅಂತರದ್ದು. ಸಮಾನ ಅಂತರದ ನಕ್ಷೆಯಲ್ಲಿ ಏರಿಕೆ ಕೊನೆಗೆ ತೀರಾ ಮಂದವಾದಂತೆ ಕಾಣುತ್ತದೆ, ಸರಿಯಾದ ನಕ್ಷೆಯಲ್ಲಿ ಅಷ್ಟು ಮಂದವಲ್ಲ. ಲೆಕ್ಕ ಹಾಕಿಸಿ: ಮೊದಲ ಆರು ವರ್ಷ 3.3 ಅಂಶ, ಎಂದರೆ ವರ್ಷಕ್ಕೆ 0.55, ನಂತರದ ಐದು ವರ್ಷ 1.9, ವರ್ಷಕ್ಕೆ 0.38, ಕೊನೆಯ ನಾಲ್ಕು ವರ್ಷ 0.8, ವರ್ಷಕ್ಕೆ 0.2. ಏರಿಕೆಯ ವೇಗ ಕಡಿಮೆಯಾದದ್ದು ಹೌದು. ಎಷ್ಟು ಎಂಬುದನ್ನು ಅಕ್ಷ ನಿರ್ಧರಿಸಿತು. ಇನ್ನೊಂದು ತಂಡ ವೈ ಅಕ್ಷವನ್ನು 8ರಿಂದ ಆರಂಭಿಸಿರುತ್ತದೆ, ಅವರ ಗೆರೆ ಗುಡ್ಡದಂತೆ ಕಾಣುತ್ತದೆ. ಅದು ತಪ್ಪೆಂದು ಹೇಳಬೇಕಿಲ್ಲ, ಆದರೆ ಅಕ್ಷ ಎಲ್ಲಿಂದ ಆರಂಭವಾಗಿದೆ ಎಂದು ನೋಡುಗನಿಗೆ ಕಾಣಬೇಕು.

ಪಾಠದ ಕಠಿಣ ಭಾಗ ಮುಂದಿನದು, ವಯಸ್ಸು. ಪಾಠಕ್ಕಾಗಿ ಕಟ್ಟಿದ ಎರಡನೆಯ ಉದಾಹರಣೆ. ಒಂದು ಓಣಿಯಲ್ಲಿ 30 ವರ್ಷ ಮೇಲ್ಪಟ್ಟವರು 1000 ಮಂದಿ.

ಮೊದಲ ವರ್ಷ: 30-44 ವಯಸ್ಸಿನವರು 600, ಅವರಲ್ಲಿ ಶೇ. 5 ಮಧುಮೇಹಿಗಳು; 45-59ರವರು 300, ಅವರಲ್ಲಿ ಶೇ. 15, 60 ಮೇಲ್ಪಟ್ಟವರು 100, ಅವರಲ್ಲಿ ಶೇ. 20.
ಹತ್ತು ವರ್ಷದ ನಂತರ: 30-44ರವರು 400, ಶೇ. 5, 45-59ರವರು 340, ಶೇ. 15, 60 ಮೇಲ್ಪಟ್ಟವರು 260, ಶೇ. 20.

ಮೊದಲ ವರ್ಷ 30, 45, 20 ಸೇರಿ 95 ಮಂದಿ, ಶೇ. 9.5. ಹತ್ತು ವರ್ಷದ ನಂತರ 20, 51, 52 ಸೇರಿ 123, ಶೇ. 12.3. ಒಟ್ಟು ಪ್ರಮಾಣ ಏರಿದೆ. ಯಾವ ವಯೋಗುಂಪಿನಲ್ಲಿ ಏರಿದೆ ಎಂದು ಕೇಳಿ. ಮಕ್ಕಳು ಹುಡುಕುತ್ತಾರೆ, ಸಿಗುವುದಿಲ್ಲ. ಒಂದರಲ್ಲೂ ಏರಿಲ್ಲ! ಏನು ಬದಲಾಯಿತು ಹಾಗಾದರೆ? ಓಣಿಗೆ ವಯಸ್ಸಾಯಿತು. ಹಿರಿಯರು ಹೆಚ್ಚು ಬದುಕಿದರು; ಕಿರಿಯರಲ್ಲಿ ಕೆಲವರು ಕೆಲಸ ಹುಡುಕಿಕೊಂಡು ಇಚಲಕರಂಜಿಗೋ ಬೆಂಗಳೂರಿಗೋ ಹೋದರು. ಈ ಎರಡನೆಯ ಕಾರಣವನ್ನು ಮಕ್ಕಳೇ ಹೇಳುವ ಸಾಧ್ಯತೆ ಹೆಚ್ಚು.

ಈಗ ‘ಹೊಂದಿಸುವುದು’ ಎಂದರೇನೆಂದು ಒಂದೇ ಸಾಲಿನಲ್ಲಿ ಹೇಳಬಹುದು: ಹತ್ತು ವರ್ಷದ ನಂತರದ ಶೇಕಡಾಗಳನ್ನು ತೆಗೆದುಕೊಂಡು ಮೊದಲ ವರ್ಷದ 600, 300, 100 ಜನರಿಗೆ ಅನ್ವಯಿಸಿ. ಮತ್ತೆ 95 ಬರುತ್ತದೆ. ಚೆನ್ನೈನ ಅಂಕಿಗಳಿಗೆ ಮಾಡಿದ್ದು ಈ ಬಗೆಯ ಕೆಲಸ. ಹಾಗೆ ಮಾಡಿದ ಮೇಲೂ 8.3 ಇದ್ದದ್ದು 14.3 ಆಗಿತ್ತು. ಅಲ್ಲಿ ವಯಸ್ಸಿನಾಚೆಗೂ ಏನೋ ಬದಲಾಗಿತ್ತು ಎಂದಾಯಿತು. ಏನದು ಎಂದು ಮಕ್ಕಳು ಊಹಿಸಲಿ. ಕುಣಿಮಗ್ಗ ತುಳಿಯುತ್ತಿದ್ದ ಅಜ್ಜ, ಪಾವರ್‌ಲೂಮಿನ ಮುಂದೆ ನಿಲ್ಲುವ ಅಪ್ಪ, ಗದ್ದುಗೆಗೆ ನಡೆದು ಹೋಗುತ್ತಿದ್ದವರು ಈಗ ಬೈಕಿನಲ್ಲಿ ಹೋಗುವುದು, ಇಂಥವು ಬರುತ್ತವೆ. ಇವೆಲ್ಲ ಪರೀಕ್ಷಿಸಬೇಕಾದ ಊಹೆಗಳು ಎಂಬ ಶೀರ್ಷಿಕೆಯಡಿ ಬರೆಯಿರಿ, ಕಾರಣಗಳು ಎಂಬ ಶೀರ್ಷಿಕೆಯಡಿ ಅಲ್ಲ.

ಐದನೆಯ ಸುತ್ತಿನ ಕುಟುಂಬ ಸಮೀಕ್ಷೆಯ ‘ದುಪ್ಪಟ್ಟು’ ಉದಾಹರಣೆಯನ್ನು ಇಲ್ಲಿ ತನ್ನಿ. 49 ವರ್ಷಕ್ಕೆ ನಿಂತ ಸಂಖ್ಯೆಯನ್ನೂ ಎಲ್ಲ ವಯಸ್ಸಿನ ಸಂಖ್ಯೆಯನ್ನೂ ಯಾಕೆ ಹೋಲಿಸಬಾರದು ಎಂಬುದು ಓಣಿಯ ಲೆಕ್ಕ ಮಾಡಿದ ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಕೊಡದ ನಡು

ಸಮಯ ಉಳಿದರೆ ಅಥವಾ ಗಣಿತ ಸಂಘದ ಚಟುವಟಿಕೆಯಾಗಿ ಇದನ್ನು ಮಾಡಬಹುದು. ಒಂದು ತುಂಬಿದ ಕೊಡ, ದರ್ಜಿಯ ಟೇಪು. ಮೂರು ತಂಡಗಳು ಒಂದರ ಉತ್ತರ ಇನ್ನೊಂದಕ್ಕೆ ಕಾಣದಂತೆ ಕೊಡದ ನಡುವಿನ ಸುತ್ತಳತೆ ತೆಗೆಯಲಿ. ಉತ್ತರಗಳು ಸೇರುವುದಿಲ್ಲ. ಒಬ್ಬರು ಟೇಪು ಬಿಗಿದಿರುತ್ತಾರೆ, ಒಬ್ಬರು ಓರೆ ಹಿಡಿದಿರುತ್ತಾರೆ, ಒಬ್ಬರಿಗೆ ‘ನಡು’ ಎಲ್ಲಿದೆ ಎಂಬುದೇ ಬೇರೆ. ಅಪಾಯ-ಅಂದಾಜಿನ ನಮೂನೆಯಲ್ಲಿ ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ, ಪುರುಷರಿಗೆ 90 ದಾಟಿದರೆ ಅಂಕ ಬದಲಾಗುತ್ತದೆ ಎಂದು ಆಮೇಲೆ ಹೇಳಿ. ಎರಡು ಸೆಂಟಿಮೀಟರಿನ ಅಜಾಗ್ರತೆಗೆ ಒಬ್ಬ ಮನುಷ್ಯ ಪಟ್ಟಿಯ ಒಳಗೋ ಹೊರಗೋ ಆಗುತ್ತಾನೆ.

ಎಚ್ಚರದಿಂದ ಬರೆದಿಟ್ಟ ದಾಖಲೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ‘ಮಿಷನ್ ಆಸ್ಪತ್ರೆ’ ಎನ್ನುವ ಕಡೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿ ಇಟ್ಟಿದ್ದರು. ಅರ್ಧ ಶತಮಾನ ದಾಟಿದ ಮೇಲೆ, 1990ರ ದಶಕದಲ್ಲಿ, ಸಂಶೋಧಕರು ಆ ದಾಖಲೆ ಹಿಡಿದು ಮೈಸೂರಿನಲ್ಲೇ ಉಳಿದಿದ್ದ ಆ ‘ಮಕ್ಕಳನ್ನು’ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಮಧುಮೇಹ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ಕಂಡುಬಂದಿತ್ತು. ಮೈಸೂರಿನಲ್ಲಿ ಚಿತ್ರ ಬೇರೆಯಾಗಿತ್ತು. ಉದ್ದ ಕಡಿಮೆ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ರೋಗ ಹೆಚ್ಚಿತ್ತು. ತೂಕವನ್ನಷ್ಟೇ ಬರೆದು ಉದ್ದವನ್ನು ಬಿಟ್ಟಿದ್ದರೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಮುಂದೆ ಮೈಸೂರಿನಲ್ಲೇ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ಇದು ದಾರಿಯಾಯಿತು. ಹೆರಿಗೆ ಕೋಣೆಯಲ್ಲಿ ಟೇಪು ಹಿಡಿದು ಬರೆದುಕೊಂಡವರಿಗೆ ಅದು ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಮೌಲ್ಯಮಾಪನ

‘ಮಧುಮೇಹ ಎಂದರೇನು’ ಎಂಬಂಥ ಪ್ರಶ್ನೆ ಇಲ್ಲಿ ಬೇಡ. ಈ ಮೂರರಲ್ಲಿ ಎರಡು ಸಾಕು.

1. ‘ನಮ್ಮ ಊರಲ್ಲಿ ಈ ವರ್ಷ 200 ಹೊಸ ಮಧುಮೇಹಿಗಳು ಪತ್ತೆ’ ಎಂಬ ಸುದ್ದಿ ಬಂದಿದೆ. ರೋಗ ಹೆಚ್ಚಿದೆ ಎಂದು ಹೇಳುವ ಮೊದಲು ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ.
2. ಬ್ಯಾರೇಜಿನ ಚಿತ್ರ ಬಳಸಿ: ಒಳಹರಿವು ಇಳಿಯುತ್ತಿದ್ದರೂ ನೀರಿನ ಮಟ್ಟ ಏರುತ್ತಿರುವುದು ಸಾಧ್ಯವೇ? ಮಧುಮೇಹಕ್ಕೆ ಅನ್ವಯಿಸಿ ವಿವರಿಸಿ.
3. ಓಣಿಯ ಕೋಷ್ಟಕದಲ್ಲಿ ಹತ್ತು ವರ್ಷದ ನಂತರ 30-44ರ ಗುಂಪಿನಲ್ಲಿ ಶೇ. 5ರ ಬದಲು ಶೇ. 10 ಆಗಿದ್ದರೆ ಒಟ್ಟು ಎಷ್ಟಾಗುತ್ತಿತ್ತು? ಆಗ ಮತ್ತು ಈಗ, ಯಾವ ಏರಿಕೆಗೆ ಆರೋಗ್ಯ ಇಲಾಖೆ ಹೆಚ್ಚು ಚಿಂತಿಸಬೇಕು?

ಮೂರನೆಯದರ ಉತ್ತರ 143, ಶೇ. 14.3. ಚೆನ್ನೈನ ಕೊನೆಯ ಸಂಖ್ಯೆಯೂ ಇದೇ ಆಗಿರುವುದು ಆಕಸ್ಮಿಕ. ಅದನ್ನು ಗುರುತಿಸಿ ‘ಹಂಗಾರ ಎರಡೂ ಒಂದs ಏನ್ರಿ ಸರ್?’ ಎಂದು ಕೇಳುವ ವಿದ್ಯಾರ್ಥಿ ಇದ್ದರೆ ಅವನಿಗೇ ಮರಳಿ ಕೇಳಿ: ಛೇದದಲ್ಲಿ ಯಾರಿದ್ದಾರೆ? ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠಾವಲೋಕನ ಪುಸ್ತಕದಲ್ಲಿ ಮಕ್ಕಳ ಇಂಥ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಎರಡನೆಯ ಅವಧಿ ಸಾಲದೆ ಹೋದರೆ ರೇಖಾನಕ್ಷೆಯ ಭಾಗವನ್ನು ಮನೆಗೆಲಸಕ್ಕೆ ಕೊಡಬಹುದು, ಓಣಿಯ ಲೆಕ್ಕವನ್ನು ಮಾತ್ರ ತರಗತಿಯಲ್ಲೇ ಮುಗಿಸಿ.